ವಿರೆನ್ನಾಳಿಗೆ ನಾನು ಹೇಳಿದ ಒಂದು ಬ್ಯಾಡ

ಜನರ ಮನಸ್ಸು ಉಳಿಸಿಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬ್ರಹ್ಮಾವರದಿಂದ ಬೈಂದೂರಿನ ತನಕ ಯಾರೂ ಇಲ್ಲ ಎಂಬುದು ನನ್ನ ನಂಬಿಕೆ. ಇದು ಜಂಬವಲ್ಲ, ಅನುಭವ. ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರು. ಬೋಟಿನವರಿಗೆಲ್ಲ ಐಸ್ ಬೇಕಾಗುವುದು ಒಂದೇ ಹೊತ್ತಿಗೆ, ಕರೆಂಟ್ ಹೋಗುವುದೂ ಅದೇ ಹೊತ್ತಿಗೆ. ಹತ್ತು ಜನ ಒಟ್ಟಿಗೆ ಕೂಗುವಾಗ ಹತ್ತು ಜನರಿಗೂ ‘ಮ್ಯಾನೇಜ್ರ್ ನಮ್ ಜನ’ ಅನಿಸುವಂತೆ ಮಾತಾಡುವುದು ಸುಲಭವಲ್ಲ. ನಾನು ಮಾಡಿದ್ದೇನೆ. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೋದವರು ಮರುದಿನ ಚಾ ಹೊತ್ತಿಗೆ ತಿರುಗಿ ಬಂದಿದ್ದಾರೆಯೇ ಹೊರತು, ಹೋದವರು ಹೋಗಿಯೇ ಬಿಟ್ಟದ್ದಿಲ್ಲ. ಇಂಥ ನನ್ನನ್ನು ಕಳೆದ ಮಳೆಗಾಲದಲ್ಲಿ ಒಬ್ಬಳು ಶಾಶ್ವತವಾಗಿ ಬಿಟ್ಟು ಹೋದಳು. ಹೆಸರು ವಿರೆನ್ನಾ. ತಪ್ಪು ತಿಳಿಯಬೇಡಿ, ಇದು ನನ್ನ ಹೆಂಡತಿಗೆ ಗೊತ್ತಿರುವ ವಿಷಯ. ಅವಳ ಹೊಲಿಗೆ ಮೆಷಿನ್ನಿನಿಂದ ನಾಲ್ಕು ಅಡಿ ದೂರದಲ್ಲೇ ನಡೆದದ್ದು. ವಿರೆನ್ನಾ ಇದ್ದದ್ದು ಕಂಪ್ಯೂಟರಿನ ಒಂದು ಆಟದೊಳಗೆ.

ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದಿದ್ದರೆ ಐಸಿಲ್ಲ, ಐಸಿಲ್ಲದಿದ್ದರೆ ಮ್ಯಾನೇಜರಿಗೆ ಕೆಲಸವಿಲ್ಲ. ಆಗ ನಾನು ಮನೆಯನ್ನು ಮ್ಯಾನೇಜ್ ಮಾಡಲು ಹೊರಡುತ್ತೇನೆ. ಹೆಂಡತಿ ಸುಮತಿ ಊರಿನ ಅರ್ಧ ಹೆಂಗಸರ ಬ್ಲೌಸು ಹೊಲಿಯುವವಳು. ಅವಳ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಕೊಟ್ಟೆ; ಅವಳಿಗೆ ಮೂರು ದಿನ ಒಂದು ನೂಲೂ ಕೈಗೆ ಸಿಗಲಿಲ್ಲ. ಬ್ಲೌಸು ಕೊಡಲು ಬಂದವರಿಗೆ ತೋಳು ಎಷ್ಟುದ್ದ ಇರಬೇಕೆಂದು ಸಲಹೆ ಕೊಟ್ಟೆ. ಇಬ್ಬರು ಆಮೇಲೆ ಬರಲಿಲ್ಲ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಮಗಳು ದೀಪ್ತಿ ರಜೆಯಲ್ಲಿ ಬಂದವಳು ಇದನ್ನೆಲ್ಲ ನೋಡಿ, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿ ನನ್ನ ಮುಂದಿಟ್ಟಳು. “ಅಪ್ಪಯ್ಯ, ಯುದ್ಧ ಮಾಡೂದಾರೆ ಇದ್ರೊಳ್ಗ್ ಮಾಡಿ. ಅಮ್ಮನ್ ಹತ್ರ ಬ್ಯಾಡ” ಅಂದಳು.

ಆಟದಲ್ಲಿ ರಾಜರಿದ್ದಾರೆ, ಮಾಟಗಾತಿಯರಿದ್ದಾರೆ, ಬೆಂಕಿಯುಗುಳುವ ಹಾವಿನಂಥದ್ದೊಂದು ಆಕಾಶದಲ್ಲಿ ಹಾರುತ್ತಿರುತ್ತದೆ. ನಮ್ಮ ವೀರನಿಗೆ ನಾವೇ ಹೆಸರಿಡಬೇಕು. ನನಗೆ ತಟ್ಟನೆ ಬೇರೇನೂ ಹೊಳೆಯದೆ ‘ಮ್ಯಾನೇಜರ್’ ಎಂದು ಬರೆದೆ. ಅಲ್ಲಿಂದ ಮುಂದೆ ಕಿರೀಟ ಹೊತ್ತ ಮಹಾರಾಜನೂ ಮಂಡಿಯೂರಿ “ನಮ್ಮನ್ನು ಕಾಪಾಡು, ಮ್ಯಾನೇಜರ್” ಎನ್ನತೊಡಗಿದ. ಗಂಗೊಳ್ಳಿಯಲ್ಲಿ ಇದನ್ನೇ ಸ್ವಲ್ಪ ಬೇರೆ ಶಬ್ದಗಳಲ್ಲಿ ಕೇಳಿದವನಾದ್ದರಿಂದ ನನಗೆ ವಿಶೇಷ ಅನಿಸಲಿಲ್ಲ. ಎರಡನೆಯ ಊರಿನಲ್ಲಿ ನನ್ನ ಜೊತೆ ಸೇರಿದವಳು ವಿರೆನ್ನಾ, ಬಿಲ್ಲುಗಾತಿ. ಮಾತು ಕಡಿಮೆ, ಗುರಿ ತಪ್ಪುವುದಿಲ್ಲ. ನನ್ನ ಕತ್ತಿ ಎಲ್ಲೋ ಗಾಳಿಯಲ್ಲಿ ಬೀಸುತ್ತಿರುವಾಗ ಅವಳ ಬಾಣ ರಾಕ್ಷಸನ ಹಣೆಯಲ್ಲಿರುತ್ತಿತ್ತು. ಅವಳ ಚಿತ್ರದ ಕೆಳಗೊಂದು ಪುಟ್ಟ ಹೃದಯ. ನಾನು ಒಳ್ಳೆಯದು ಮಾಡಿದರೆ ಅದು ಚೂರು ಚೂರೇ ಕೆಂಪು ತುಂಬುತ್ತದೆ, ಕೆಟ್ಟದ್ದು ಮಾಡಿದರೆ ಇಳಿಯುತ್ತದೆ. ಹೆಂಡತಿ ಮಕ್ಕಳಿಗೂ ಇಂಥದೊಂದು ಇದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಆಗ ಯೋಚಿಸಿದ್ದೆ. ಈಗ ಇಲ್ಲದಿರುವುದೇ ಒಳ್ಳೆಯದು ಅನಿಸುತ್ತದೆ.

ಒಂದೂವರೆ ತಿಂಗಳು, ದಿನಾ ಮಧ್ಯಾಹ್ನ ಊಟವಾದ ಮೇಲೆ, ಆ ಹೃದಯವನ್ನು ತುಂಬಿಸಿದೆ. ಅವಳಿಗೆ ಇಷ್ಟವೆಂದು ಬೆಟ್ಟ ಹತ್ತಿ ನೀಲಿ ಹೂ ತಂದೆ. ಅವಳ ತಮ್ಮನನ್ನು ಜೈಲಿನಿಂದ ಬಿಡಿಸಿದೆ. ಸುಮತಿಗೂ ಅವಳ ಮೇಲೆ ಅಕ್ಕರೆ ಹುಟ್ಟಿತು. ಮೆಷಿನ್ ನಿಲ್ಲಿಸಿ ಬಗ್ಗಿ ನೋಡುತ್ತಿದ್ದಳು. “ಆ ಬಿಲ್ಲಿನ್ ಹೆಣ್ಣಿಗೆ ಅಂಗಿ ಹೊಲ್ದದ್ ಯಾರಂಬ್ರ್? ಕಂಕಳಲ್ಲಿ ಇಷ್ಟ್ ಬಿಗಿ ಇದ್ರೆ ಬಿಲ್ಲ್ ಎಳುದ್ ಹ್ಯಾಂಗೆ?” ಎಂದು ಒಮ್ಮೆ ನಿಜವಾಗಿ ಸಂಕಟಪಟ್ಟಳು. ಇನ್ನೊಮ್ಮೆ ನಾನು ಊಟಕ್ಕೆ ಏಳುವಾಗ ಪರದೆಯ ಮೇಲಿನ ವಿರೆನ್ನಾಳನ್ನು ತೋರಿಸಿ “ಅದ್ ಉಂಡ್ತಾ?” ಎಂದು ಕೇಳಿದಳು.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆಯ ಒಂದು ಕ್ರಮ ಹೇಳಬೇಕು. ನಮ್ಮಲ್ಲಿ ಯಾರಾದರೂ ಏನನ್ನಾದರೂ ‘ಬೇಕಾ’ ಎಂದು ಕೇಳಿದರೆ ಮೊದಲು ‘ಬ್ಯಾಡ’ ಎನ್ನಬೇಕು. ಅದು ನಾವು ಮರ್ಯಾದಸ್ಥರ ಮನೆಯವರು ಎಂದು ತಿಳಿಸಲಿಕ್ಕೆ. ಅವರು ಎರಡನೆಯ ಸಲ ಕೇಳುತ್ತಾರೆ, ಆಗಲೂ ‘ಬ್ಯಾಡ’; ಅದು ಅವರಿಗೆ ಕಡಿಮೆಯಾದೀತೆಂಬ ಕಾಳಜಿಗೆ. ಮೂರನೆಯ ಸಲ “ಹಾಂಗಂದ್ರೆ ಹ್ಯಾಂಗೆ ಮರ್ರೆ” ಎಂದಾಗ “ಹಾಂಗಾರೆ ಒಂಚೂರ್ ಹಾಕಿ” ಎಂದು ಬಟ್ಟಲು ತುಂಬ ಹಾಕಿಸಿಕೊಳ್ಳಬೇಕು. ಕೇಳುವವರಿಗೂ ಹೇಳುವವರಿಗೂ ಇದು ಗೊತ್ತಿರುವುದರಿಂದ ಯಾರಿಗೂ ತೊಂದರೆಯಿಲ್ಲ. ಆರನೆಯ ವಯಸ್ಸಿನಲ್ಲಿ ಕೆರಾಡಿಯ ಅತ್ತೆಯ ಮನೆಯಲ್ಲಿ ಹಲಸಿನಹಣ್ಣಿನ ಗಟ್ಟಿ ಬೇಕಾ ಎಂದು ಕೇಳಿದ ಕೂಡಲೇ ನಾನು ‘ಬೇಕ್’ ಅಂದದ್ದಕ್ಕೆ ಅಮ್ಮ ಪಂಕ್ತಿಯಲ್ಲಿ ಕೂತಲ್ಲೇ ತೊಡೆಗೆ ಚಿವುಟಿದ್ದಳು. ಆ ಚಿವುಟಿದ ಉರಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬ್ರಹ್ಮಾವರಕ್ಕೆ ಹೆಣ್ಣು ನೋಡಲು ಹೋದಾಗ ಸುಮತಿಯ ಅಪ್ಪ “ಹೆಣ್ಣ್ ಒಪ್ಗಿಯಾ?” ಎಂದು ಕೇಳಿದರೆ, ಒಳಗೊಳಗೇ ಕುಣಿಯುತ್ತಿದ್ದ ನಾನು “ಸದ್ಯಕ್ ಮದಿ ಬ್ಯಾಡ ಅಂದೇಳಿ ಇದ್ದೆ” ಅಂದೆ. ಮಾವ ತಿಳಿದವರು, ಚಾ ತರಿಸಿ ಇನ್ನೆರಡು ಸಲ ಕೇಳಿದರು. ಆದರೆ ಅದಕ್ಕೂ ಮೊದಲು ಮುಂಬೈಯಲ್ಲಿ, ನಾನು ಸಪ್ಲೈಯರಾಗಿದ್ದ ಹೋಟೆಲಿನ ಪಂಜಾಬಿ ಸೇಠ್ ಕೌಂಟರಿನಲ್ಲಿ ಕೂರುತ್ತೀಯಾ ಎಂದು ಕೇಳಿದಾಗಲೂ ‘ನಹೀ ಸಾಬ್’ ಅಂದಿದ್ದೆ. ಆತ ತಲೆಯಾಡಿಸಿ ನನ್ನ ಪಕ್ಕದವನನ್ನು ಕೂರಿಸಿದ. ಎರಡು ವರ್ಷ ಕಾದೆ, ಮತ್ತೆ ಕೇಳಲಿಲ್ಲ. ಪಂಜಾಬಿನವರಿಗೆ ಕ್ರಮ ಗೊತ್ತಿಲ್ಲ ಎಂದು ತೀರ್ಮಾನಿಸಿ ಊರಿಗೆ ಬಂದೆ.

ಈಗ ವಿರೆನ್ನಾ. ಹೃದಯ ತುಂಬಿ ತುಳುಕುವ ಮಟ್ಟಕ್ಕೆ ಬಂದಿತ್ತು. ಕಾಡಿನಲ್ಲಿ ಬಿಡಾರ, ಮುಂದೆ ಬೆಂಕಿ. ಎಂದೂ ತಾನಾಗಿ ಮಾತೆತ್ತದವಳು ಎದ್ದು ನನ್ನ ಪಕ್ಕಕ್ಕೆ ಬಂದಳು. “ನಮ್ಮ ಕುಲದಲ್ಲಿ ಇದನ್ನು ಒಬ್ಬರಿಗೆ ಮಾತ್ರ ಕೊಡುತ್ತೇವೆ, ಮ್ಯಾನೇಜರ್” ಎಂದು ತನ್ನ ತಾಯಿಯ ಬೆಳ್ಳಿ ಬಳೆಯನ್ನು ಕೈಯಲ್ಲಿ ಹಿಡಿದಳು. “ಇದು ನಿನಗೆ ಬೇಕೇ?” ಎಂದಳು. ಕೆಳಗೆ ಎರಡು ಉತ್ತರಗಳು ಮೂಡಿದವು. ಒಂದು, ‘ಬೇಕು’. ಇನ್ನೊಂದು, ‘ಬೇಡ, ಅದು ನಿನ್ನಲ್ಲೇ ಇರಲಿ’. ನನಗೆ ಬೇಕಿತ್ತು ಎಂಬುದು ನಿಜ. ತಾಯಿಯ ಬಳೆ! ಕೇಳಿದ ಕೂಡಲೇ ಕೈಯೊಡ್ಡಲು ನಾನೇನು ಬೀದಿಯಲ್ಲಿ ಬೆಳೆದವನೇ? ತೊಡೆಯಲ್ಲಿ ಅಮ್ಮ ಚಿವುಟಿದ ಜಾಗ ಚುರುಗುಟ್ಟಿತು. ಎಷ್ಟು ಸಭ್ಯ ಉತ್ತರ ಬರೆದಿದ್ದಾರಪ್ಪ ಎಂದು ಮೆಚ್ಚಿಕೊಳ್ಳುತ್ತ ಎರಡನೆಯದನ್ನು ಒತ್ತಿ, ಅವಳ ಎರಡನೆಯ ಕೇಳುವಿಕೆಗೆ ಆರಾಮಾಗಿ ಒರಗಿ ಕೂತೆ.

ವಿರೆನ್ನಾ ಒಂದು ಗಳಿಗೆ ನನ್ನನ್ನೇ ನೋಡಿದಳು. “ಸರಿ. ಅರ್ಥವಾಯಿತು” ಅಂದಳು. ಹೃದಯ ಬುಡದವರೆಗೆ ಖಾಲಿಯಾಯಿತು. ಮರುದಿನ, ಅಂದರೆ ಆಟದ ಮರುದಿನ, ಅವಳ ಗುಡಾರವಿದ್ದ ಜಾಗದಲ್ಲಿ ಹುಲ್ಲು ಮಾತ್ರ ಇತ್ತು.

ನಾನು ಧೃತಿಗೆಡಲಿಲ್ಲ. ತಿರುಗಿ ಬಂದಾಳು ಎಂದು ಬೆಂಕಿಯ ಮುಂದೆ ಇಡೀ ಮಧ್ಯಾಹ್ನ ಕೂತೆ. ಸಂಜೆ ಚಾ ಕುಡಿದು, ರಜೆ ಮುಗಿಸಿ ಮಂಗಳೂರಿಗೆ ಹೋಗಿದ್ದ ದೀಪ್ತಿಗೆ ಫೋನ್ ಮಾಡಿದೆ. ಅವಳು ನಕ್ಕು ಮುಗಿಸಿ, “ಅದಕ್ಕೆಂತ ಅಪ್ಪಯ್ಯ, ಹಿಂದಿನ್ ಸೇವ್ ಓಪನ್ ಮಾಡಿ, ಬೇಕ್ ಅಂದೇಳಿ ಒತ್ತಿ” ಅಂದಳು. ಇಲ್ಲಿ ನನ್ನ ಉದ್ಯೋಗದ ಅಭ್ಯಾಸ ನನಗೆ ಮುಳುವಾಯಿತು. ಐಸ್ ಪ್ಲಾಂಟಿನವನು ಜಗತ್ತಿನಲ್ಲಿ ಯಾರನ್ನು ನಂಬಿದರೂ ಮಳೆಗಾಲದ ಕರೆಂಟನ್ನು ನಂಬುವುದಿಲ್ಲ. ಆ ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿತ್ತು. ಆದ್ದರಿಂದ ಐದು ನಿಮಿಷಕ್ಕೊಮ್ಮೆ ಆಟವನ್ನು ನಿಂತಲ್ಲಿಗೆ ಸೇವ್ ಮಾಡುತ್ತಿದ್ದೆ, ಅದೂ ಹಿಂದಿನದನ್ನು ಅಳಿಸಿ ಅದೇ ಜಾಗದಲ್ಲಿ, ಅಚ್ಚುಕಟ್ಟಾಗಿ. ವಿರೆನ್ನಾ ‘ಅರ್ಥವಾಯಿತು’ ಅಂದ ಮೇಲೂ ಅಚ್ಚುಕಟ್ಟಾಗಿ ಸೇವ್ ಮಾಡಿದ್ದೆ. “ಹಾಂಗಾರೆ ಆಯ್ತ್ ಅಪ್ಪಯ್ಯ, ಇನ್ನ್ ಅದ್ ಬಪ್ಪುದಿಲ್ಲೆ” ಅಂದಳು ಮಗಳು. ಡಾಕ್ಟರರು ಹೊರಗೆ ಬಂದು ಹೇಳಿದ ಹಾಗಿತ್ತು.

ಒಂದು ವಾರ ಊರೂರು ಹುಡುಕಿದೆ. ಕಡೆಗೆ ಬಡಗಣ ಕೋಟೆಯ ಬಾಗಿಲಲ್ಲಿ ಕಾವಲು ನಿಂತಿದ್ದಳು. ಓಡಿಹೋಗಿ ಮಾತಾಡಿಸಿದೆ. “ದಾರಿ ಬಿಡು, ಪ್ರಯಾಣಿಕ” ಅಂದಳು. ಇನ್ನೊಮ್ಮೆ ಮಾತಾಡಿಸಿದೆ. “ದಾರಿ ಬಿಡು, ಪ್ರಯಾಣಿಕ.” ಅವಳ ಮುಂದೆ ಒಂದು ಬುಟ್ಟಿ ನೀಲಿ ಹೂ ಸುರಿದೆ, ಅದರ ಮೇಲೆಯೇ ನಿಂತುಕೊಂಡು ಅದನ್ನೇ ಅಂದಳು. ಮ್ಯಾನೇಜರ್ ಎಂದು ಕೂಡ ಅನ್ನಲಿಲ್ಲ. ನಗುವವರು ನಗಲಿ, ನನಗೆ ನಿಜವಾಗಿ ದುಃಖವಾಯಿತು. ಲ್ಯಾಪ್‌ಟಾಪ್ ಮುಚ್ಚಿದೆ.

ಸುಮತಿ ಬಾಯಲ್ಲಿದ್ದ ನೂಲು ಕಡಿದು, “ಅದ್ರದ್ದೆಂತ ತಪ್ಪ್? ಅದ್ ಕೇಂಡದ್ದ್ ಒಂದ್ಸಲ. ನೀವ್ ಬ್ಯಾಡ ಅಂದ್ರಿ. ಅದ್ ಹೋಯ್ತ್” ಅಂದಳು.

ನಾನು ಬಿಡಲಿಲ್ಲ. ಒಂದೇ ಸಲ ಕೇಳುವುದು ಕೇಳುವುದೇ ಅಲ್ಲ, ಮನಸ್ಸಿದ್ದವರು ಮೂರು ಸಲ ಕೇಳಬೇಕು, ಮೊದಲನೆಯ ಬ್ಯಾಡವನ್ನು ನಂಬುವವರು ಮನುಷ್ಯರೇ ಅಲ್ಲ ಎಂದು ಕೈಯೆತ್ತಿ ವಾದಿಸಿದೆ. ಅವಳು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ಬ್ಲೌಸಿಗೆ ಕೊಕ್ಕೆ ಹಚ್ಚುತ್ತ ಅಂದಳು: “ಹೌದಾ? ವರ್ಷ ವರ್ಷ ಮಳಿಗಾಲ್ದಗೆ ‘ಕೊಲ್ಲೂರಿಗೆ ಬತ್ಯಾ’ ಅಂದೇಳಿ ನನ್ನ್ ಕೇಂತ್ರಿ ಅಲ್ದಾ. ನಾನ್ ಎಂತ ಹೇಳ್ತೆ?”

“ಬ್ಯಾಡ, ಹೊಲ್ಗಿ ಇತ್ತ್ ಅಂತಿ.”

“ನೀವ್ ಎಷ್ಟ್ ಸಲ ಕೇಂತ್ರಿ?”

ಇಪ್ಪತ್ತನಾಲ್ಕು ಮಳೆಗಾಲ, ಇಪ್ಪತ್ತನಾಲ್ಕು ಸಲ ಕೇಳಿದ್ದೆ. ವರ್ಷಕ್ಕೆ ಒಂದು. ಅವಳು ಬ್ಯಾಡ ಅಂದ ಕೂಡಲೇ ಕೊಡೆ ಹಿಡಿದು ಸ್ನೇಹಿತರ ಜೊತೆ ಹೊರಟಿದ್ದೆ, ಪಾಪ ಅವಳಿಗೆ ಕೆಲಸ ಎಂದು ದಾರಿಯುದ್ದಕ್ಕೂ ಅವರ ಹತ್ತಿರ ಹೇಳಿಕೊಂಡಿದ್ದೆ. ಅವಳ ಚಿತ್ರದ ಕೆಳಗೆ ಹೃದಯವಿದ್ದಿದ್ದರೆ ಏನು ಕಾಣಬೇಕಿತ್ತೋ ಎಂದು ನೆನೆದು ಬೆವರಿದೆ. ಆದರೂ ಇವಳು ಗುಡಾರ ಕೀಳಲಿಲ್ಲ, ಕೋಟೆ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ, ಪ್ರತಿ ಸಲ ನಾನು ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮೆಷಿನ್ನಿನ ಮುಂದೆ ನಿಂತು “ಕೊಲ್ಲೂರಿಗೆ ಹೋಪನಾ?” ಅಂದೆ. “ಬ್ಯಾಡ, ಹೊಲ್ಗಿ ಇತ್ತ್.” “ಹೋಪ ಮಾರಾಯ್ತಿ.” “ಮಳಿ ಕಾಣಿ ಹ್ಯಾಂಗಿತ್ತ್, ಬ್ಯಾಡ.” “ಹಾಂಗಂದ್ರೆ ಹ್ಯಾಂಗೆ, ಏಳ್” ಅಂದೆ. ಅವಳು ಎದ್ದಳು. ಸೀರೆ ಬದಲಾಯಿಸಿ ಬರಲು ಅವಳಿಗೆ ಐದು ನಿಮಿಷವೂ ಬೇಕಾಗಲಿಲ್ಲ; ಬ್ಯಾಗು ಮೊದಲೇ ತುಂಬಿಟ್ಟಿದ್ದಳೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ.

ದರ್ಶನ ಚೆನ್ನಾಗಾಯಿತು. ನಾನು ಗೆದ್ದ ರಾಜನ ಹಾಗೆ ಅವಳಿಗೆ ಕೊಡೆ ಹಿಡಿದುಕೊಂಡೇ ಇಡೀ ಪೇಟೆ ಸುತ್ತಿದೆ. ಬಸ್ಸಿಗೆ ಮೊದಲು ಹೋಟೆಲಿಗೆ ಹೊಕ್ಕೆವು. ಬನ್ಸಿನ ಕೊನೆಯ ಒಂದು ಪ್ಲೇಟ್ ಉಳಿದಿತ್ತು, ಅದನ್ನು ಅವಳಿಗೆ ಕೊಡಿಸಿ ನಾನು ಬರೀ ಚಾ ತೆಗೆದುಕೊಂಡೆ. ಬನ್ಸೆಂದರೆ ನನಗೆ ಪ್ರಾಣ. ಅವಳಿಗೆ ಅದು ಗೊತ್ತು. ಎರಡರಲ್ಲಿ ಒಂದನ್ನು ತಿಂದು, ಇನ್ನೊಂದಿದ್ದ ಪ್ಲೇಟನ್ನು ನನ್ನ ಕಡೆ ಚೂರು ಸರಿಸಿ, “ಹ್ವಾಯ್, ಬೇಕಾ?” ಅಂದಳು. ಬಿಸಿಬಿಸಿ, ಉಬ್ಬಿದ, ಬಾಳೆಹಣ್ಣು ಘಮಗುಡುವ ಬನ್ಸ್.

“ಬ್ಯಾಡ” ಅಂದೆ.

ಸುಮತಿ ಒಂದು ಗಳಿಗೆ ನನ್ನನ್ನೇ ನೋಡಿದಳು. “ಸರಿ. ಅರ್ಥ ಆಯ್ತ್” ಅಂದು, ಬನ್ಸನ್ನು ಎತ್ತಿ ಕಚ್ಚಿದಳು.