ದೊಡ್ಡ ಅಕ್ಷರ ಬಂದ ಮೇಲೆ

ಕನ್ನಡಕ ಹಾಕಿಕೊಳ್ಳುವುದರಲ್ಲಿ ಒಂದು ಗತ್ತಿದೆ ಎಂದು ನಾನು ಬಹಳ ದಿನಗಳಿಂದ ನಂಬಿಕೊಂಡು ಬಂದಿದ್ದೇನೆ. ಪೆಟ್ಟಿಗೆ ತೆಗೆಯಬೇಕು, ಪಂಚೆಯ ಅಂಚಿನಿಂದ ಗಾಜು ಒರೆಸಬೇಕು, ಬೆಳಕಿಗೆ ಹಿಡಿದು ನೋಡಬೇಕು, ಮತ್ತೆ ಒರೆಸಬೇಕು. ಅಷ್ಟರಲ್ಲಿ ಎದುರಿಗಿದ್ದವರಿಗೆ ಏನೋ ಘನವಾದದ್ದು ಬರಲಿದೆ ಎನ್ನಿಸಬೇಕು. ಮಕ್ತಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲ ಪಾಠದ ಕಾಲು ಭಾಗವನ್ನು ಹೀಗೇ ಕಳೆದಿದ್ದೇನೆ. ನಿವೃತ್ತನಾದ ಮೇಲೆ ನನಗೆ ಉಳಿದ ಶ್ರೋತೃ ಒಬ್ಬಳೇ, ನನ್ನ ಹೆಂಡತಿ ಶರಣಮ್ಮ.

ಅವಳಿಗೆ ಓದಲು ಬರುವುದಿಲ್ಲವೆಂದಲ್ಲ. ಅಕ್ಕತಂಗಿಯರಿಬ್ಬರೂ ರಾಯಚೂರಿನಲ್ಲಿ ಕನ್ನಡ ಶಾಲೆಗೆ ಹೋದವರು. ಅಕ್ಕ ಮದುವೆಯಾಗಿ ಗದ್ವಾಲಕ್ಕೆ ಹೋದಳು, ತಂಗಿ ನಾರಾಯಣಪೇಟೆಗೆ, ನನ್ನ ಮನೆಗೆ ಬಂದಳು. ತೆಲಂಗಾಣಕ್ಕೆ ಸೇರಿದ ನಮ್ಮೂರಲ್ಲಿ ಅಂಗಡಿಯ ಬೋರ್ಡು ತೆಲುಗು, ಹೊಲದ ಹಳೆಯ ಕಾಗದ ಉರ್ದು. ಮನೆಗೆ ಕನ್ನಡ ಅಕ್ಷರ ಬರುತ್ತಿದ್ದುದು ಅಕ್ಕನ ಕಾಗದದಲ್ಲಿ ಮಾತ್ರ. ಮಧ್ಯಾಹ್ನ ಬಂದ ಕಾಗದವನ್ನು ಶರಣಮ್ಮ ಒಡೆಯದೆ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ಸಂಜೆ ನಾನು ಮಕ್ತಲದ ಬಸ್ಸಿಳಿದು ಬಂದಾಗ ಅವಳ ಕೈಯೆಲ್ಲ ಜೋಳದ ಹಿಟ್ಟು. "ನೀವ ಓದ್ರಿ" ಎನ್ನುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಓದುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು. ಮಾತು ಮನಸ್ಸಿಗೆ ತಟ್ಟಿದರೆ ಬಡಿಯುವ ಸದ್ದು ನಿಲ್ಲುತ್ತಿತ್ತು. ಅದು ನಿಂತರೆ ನನಗೆ ಬಹುಮಾನ ಬಂದಷ್ಟು ಖುಷಿ.

ಈ ಖುಷಿಯ ಆಸೆಗೆ ನಾನೊಂದು ಕಳ್ಳ ಕೆಲಸ ಮಾಡಿದೆ. ಅಕ್ಕನ ಕಾಗದವೆಂದರೆ ಬರೀ ಫರ್ಮಾನು. ಹಪ್ಪಳ ಒಣಗಿಸು, ಮೊಣಕಾಲಿಗೆ ಎಣ್ಣೆ ಹಚ್ಚು, ನಿನ್ನ ಗಂಡಗ ನಾಲ್ಕು ಮಂದ್ಯಾಗ ಮಾತಾಡೋದು ಕಲಿಸು. ನನಗೆ ಬಿದ್ದ ಬೈಗುಳವನ್ನೆಲ್ಲ ನಾನು ನುಂಗಿಬಿಡುತ್ತಿದ್ದೆ. ಒಮ್ಮೆ ಕೊನೆಯಲ್ಲಿ ಸ್ವಂತದ್ದೊಂದು ಸಾಲು ಸೇರಿಸಿದೆ: "ನಿನ್ನ ಕೈಯ ರೊಟ್ಟಿ ಭಾಳ ನೆನಪಾಗತೈತಿ." ಸದ್ದು ನಿಂತಿತು. ಅಂದಿನಿಂದ ಆ ಸಾಲಿಲ್ಲದ ಕಾಗದವೇ ಬರಲಿಲ್ಲ. ಕಾಗದ ಹೋಗಿ ಫೋನಿನಲ್ಲಿ ಮೆಸೇಜು ಬರತೊಡಗಿದ ಮೇಲೂ ಸಣ್ಣ ಅಕ್ಷರ ಅವಳಿಗೆ ಕಾಣದೆ ನಾನೇ ಓದುತ್ತಿದ್ದೆ, ಆ ಸಾಲು ತಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಮಕ್ತಲದ ಶಾಲೆಯಲ್ಲಿ ತಣ್ಣಗಾದ ಬುತ್ತಿ ಬಿಚ್ಚುವಾಗ ನನಗೇ ಅನ್ನಿಸುತ್ತಿದ್ದ ಮಾತದು. ಹೆಂಡತಿಯ ಮುಖ ನೋಡಿ ಅಂಥದ್ದನ್ನು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ.

ಹೋದ ತಿಂಗಳು ಗದ್ವಾಲಕ್ಕೆ ಹೋದಾಗ ಎಲ್ಲ ಕೆಟ್ಟಿತು. ತಂಗಿ ಫೋನನ್ನು ಮಾರುದ್ದ ಹಿಡಿದು ಕಣ್ಣು ಕಿರಿದು ಮಾಡುವುದನ್ನು ಅಕ್ಕ ನೋಡಿದಳು. "ತಾ ಇಲ್ಲಿ" ಎಂದು ಕಿತ್ತುಕೊಂಡು ಸೆಟ್ಟಿಂಗ್ಸ್ ಒಳಗೆ ಹೊಕ್ಕಳು. ಅಕ್ಷರದ ಗಾತ್ರದ ಗುಂಡಿಯನ್ನು ಕೊನೆಯವರೆಗೆ ಎಳೆದಳು, ಅಕ್ಷರ ದಪ್ಪ ಮಾಡಿದಳು, ಪರದೆ ಬೇಗ ಆರದಂತೆಯೂ ಮಾಡಿದಳು. ಈಗ ಒಂದೊಂದು ಅಕ್ಷರ ಹುಣಸೆ ಬೀಜದಷ್ಟು. "ಇನ್ನ ಮ್ಯಾಲ ನಿನ್ನ ಗಂಡನ ಪಾರಾಯಣ ಬ್ಯಾಡ" ಎಂದು ನನ್ನ ಎದುರಿಗೇ ಹೇಳಿದಳು.

ಮರುದಿನದಿಂದ ಫೋನು ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತು. ಶರಣಮ್ಮ ಹಿಟ್ಟು ಹತ್ತದ ಕಿರುಬೆರಳಿನಿಂದ ಸಾಲು ಸರಿಸುತ್ತ ತಾನೇ ಓದಿಕೊಳ್ಳುತ್ತಿದ್ದಳು. ನಾನು ಅಭ್ಯಾಸಬಲದಿಂದ ಕನ್ನಡಕ ಒರೆಸಿಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದೆ. ರೊಟ್ಟಿಯ ಸದ್ದು ಒಮ್ಮೊಮ್ಮೆ ನಿಲ್ಲುತ್ತಿತ್ತು. ಯಾಕೆ ನಿಂತಿತೆಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಎರಡು ಮಾರು ದೂರದಲ್ಲಿರುವ ಹೆಂಡತಿಗಾಗಿ ಇಷ್ಟು ಹಂಬಲಿಸಬಹುದೆಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ಒಂದು ಸಂಜೆ ಅವಳು, "ಅಕ್ಕ ಯಾಕೋ ನನ್ನ ರೊಟ್ಟಿ ನೆನಸೋದ ಬಿಟ್ಟಾಳ್ರಿ" ಎಂದಳು. ನನ್ನ ಸುಳ್ಳಿನಿಂದ ಅಕ್ಕತಂಗಿಯರ ನಡುವೆ ಬೇಸರ ಬೆಳೆಯಿತಲ್ಲ ಎನ್ನಿಸಿತು. ಮರುದಿನ ಮಧ್ಯಾಹ್ನ ಅವಳು ಮಲಗಿದ್ದಾಗ ಅಕ್ಷರಗಳನ್ನು ಮತ್ತೆ ಸಣ್ಣದು ಮಾಡಲು ಹೋದೆ. ಪರದೆಯ ಬೆಳಕು ಕಣ್ಣು ಕುಕ್ಕುವಷ್ಟು ಹೆಚ್ಚಿತು, ಅಕ್ಷರ ಮಾತ್ರ ಕದಲಲಿಲ್ಲ.

ಅಂದು ಸಂಜೆ ಅಕ್ಕನ ಮೆಸೇಜು ಬಂದ ಸದ್ದಾಯಿತು. ನಾನೇ ಮುಂದಾಗಿ ಫೋನು ಎತ್ತಿಕೊಂಡೆ.

"ನಿನ್ನ ಕೈ ಹಿಟ್ಟಾಗ್ಯಾವ. ನಾ ಓದತೀನಿ ಬಿಡು."

ಓದಿದೆ. ಒಂದು ಪರದೆಗೆ ನಾಲ್ಕೇ ಪದ, ಬೈಗುಳ ಹಾರಿಸುವುದು ಸುಲಭವಾಯಿತು. ಕೊನೆಗೆ ಆ ಸಾಲನ್ನೂ ಹೇಳಿದೆ. ಸದ್ದು ನಿಂತಿತು.

"ಆ ಸಾಲು ಅದರಾಗ ಇಲ್ರಿ" ಎಂದಳು ಶರಣಮ್ಮ. "ಅಕ್ಷರ ನನಗ ಇಲ್ಲಿಗೂ ಕಾಣತಾವ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಕಾಗದದಾಗೂ ಇರತಿದ್ದಿಲ್ಲ. ನೀವು ಶಾಲಿಗೆ ಹೋದ ಮ್ಯಾಲ ತಗದು ಓದತಿದ್ನಿ."

"ಮತ್ತ ಇಷ್ಟು ವರ್ಷ ಯಾಕ ಸುಮ್ನಿದ್ದಿ?"

"ಹೇಳಿದ್ರ ನೀವು ಓದೋದು ಬಿಡತಿದ್ರಿ." ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ಕಾದಳು. "ಇನ್ನೊಮ್ಮೆ ಓದ್ರಿ."

ಫೋನು ಕೆಳಗಿಟ್ಟೆ. ಇಷ್ಟು ವರ್ಷ ಒರೆಸಿ ಒರೆಸಿ ಇಟ್ಟುಕೊಂಡ ಕನ್ನಡಕ ಮಡಿಲಲ್ಲೇ ಇತ್ತು, ಅದಕ್ಕೆ ಕೆಲಸವೇನೂ ಇರಲಿಲ್ಲ. ಅವಳ ಮುಖ ನೋಡಿ ಹೇಳಿದೆ. ಜೀವಮಾನವೆಲ್ಲ ಮಕ್ಕಳಿಗೆ ತಡವರಿಸದೆ ಓದಿ ಎಂದು ಗದರಿಸಿದ ಮೇಷ್ಟ್ರು ನಾನು, ಐದು ಪದದ ಆ ಸಾಲಿನಲ್ಲಿ ಎರಡು ಕಡೆ ತಡವರಿಸಿದೆ.