ಫ್ರಾನ್ಸಿನ ದಾರಿಯಲ್ಲಿ ಚಿಂತಾಮಣಿಗೆ

ಭೂಗೋಳದ ಮೇಷ್ಟ್ರು ದಾರಿ ತಪ್ಪುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾನೇ ಭೂಗೋಳದ ಮೇಷ್ಟ್ರಾದ್ದರಿಂದ ಈ ನಂಬಿಕೆಗೆ ಬೇರೆ ಆಧಾರ ಬೇಕಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಆಗ ನಾನು ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿದ್ದೆ. ಒಂದು ಸಂಜೆ ವಾಚನಾಲಯದಲ್ಲಿ ಇಂಗ್ಲಿಷ್ ಚಿತ್ರಪತ್ರಿಕೆಯೊಂದು ಕೈಗೆ ಸಿಕ್ಕಿತು. ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ಗಂಡಹೆಂಡತಿ ಸೈಕಲ್ ಮೇಲೆ ಊರೂರು ಸುತ್ತುವ ಚಿತ್ರಗಳು. ಎರಡೂ ಕಡೆ ಸಾಲುಮರ. ಒಂದು ಮೋಟಾರಿಲ್ಲ, ಒಂದು ಹಾರನ್ನಿಲ್ಲ. ಮರದ ಕೆಳಗೆ ಕೂತು ಬ್ರೆಡ್ಡು ತಿನ್ನುತ್ತಾ ಇಬ್ಬರೂ ನಗುತ್ತಿದ್ದರು. ನಾನು ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೆಂದರೆ ವಾಚನಾಲಯದವರು ದೀಪ ಆರಿಸಿ ಬಾಗಿಲು ಹಾಕುವುದಕ್ಕೆ ನಿಂತರು.

ನಮ್ಮಲ್ಲೇನು ಕಡಿಮೆ? ಸಾಲುಮರವಿದೆ, ಸೈಕಲ್ಲಿದೆ, ಹೆಂಡತಿಯೂ ಇದ್ದಾಳೆ!

ಮುಂದಿನ ಭಾನುವಾರವೇ ಅವಕಾಶ ಬಂತು. ಚಿಂತಾಮಣಿಯಲ್ಲಿ ನನ್ನ ನಾದಿನಿ ಸುಶೀಲಳನ್ನು ನೋಡಲು ಗೌರಿಬಿದನೂರಿನಿಂದ ಗಂಡಿನ ಕಡೆಯವರು ಮೂರು ಗಂಟೆಗೆ ಬರುವವರಿದ್ದರು. ಇದಕ್ಕೆ ಮುಂಚೆ ಎರಡು ಕಡೆಯವರು ನೋಡಿ ಹೋಗಿ ಸುಮ್ಮನಾಗಿದ್ದರು. ಈ ಸಲ ಹುಡುಗಿ ಚೆನ್ನಾಗಿ ಕಾಣಬೇಕೆಂದು ನನ್ನ ಹೆಂಡತಿ ನಾಗರತ್ನ ತನ್ನ ಗಿಳಿಹಸಿರು ರೇಷ್ಮೆ ಸೀರೆಯನ್ನು ತಂಗಿಗೆ ಉಡಿಸಲು ತೀರ್ಮಾನಿಸಿದ್ದಳು. ಅವಳ ಟ್ರಂಕಿನಲ್ಲಿದ್ದ ಮೂರು ರೇಷ್ಮೆ ಸೀರೆಗಳಲ್ಲಿ ಅದೇ ಒಳ್ಳೆಯದು.

ಸೈಕಲ್ಲಿನಲ್ಲಿ ಹೋಗೋಣವೆಂದಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು.

"ಎಂಟು ಗಂಟೆಗೆ ಬಸ್ಸಿದೆಯಲ್ಲ ರೀ. ಅದ್ರಲ್ಲಿ ಹೋಗಣ."

ಬಸ್ಸಿನ ಧೂಳು, ಹೊಗೆ, ನೂಕುನುಗ್ಗಲುಗಳನ್ನು ವಿವರಿಸಿ, ಇಪ್ಪತ್ತಾರು ಮೈಲಿ ಎಂಬುದು ಫ್ರಾನ್ಸಿನಲ್ಲಿ ಒಂದು ಲೆಕ್ಕವೇ ಅಲ್ಲವೆಂದು ಹೇಳಿದೆ. ಕೊನೆಗೆ, "ಹನ್ನೊಂದು ಗಂಟೆಗೆ ನಿಮ್ಮಪ್ಪನ ಮನೇಲಿ ಕಾಫಿ ಕುಡೀತಿರ್ತೀಯ ಕಣೇ" ಎಂದು ಮಾತು ಕೊಟ್ಟೆ. ಅವಳು ಒಪ್ಪಿದಳು. ನನ್ನ ಮೇಲಿನ ನಂಬಿಕೆಯಿಂದಲ್ಲ, ವಾದ ಮಾಡಿ ಸುಸ್ತಾಗಿ.

ಬೆಳಗ್ಗೆ ಆರೂವರೆಗೆ ಹೊರಟೆವು. ಒಂದೇ ಬಟ್ಟೆ ಅಂಗಡಿಯವರು ಕೊಟ್ಟ ಎರಡು ಹಳದಿ ಕೈಚೀಲ. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಪಂಪು, ಸ್ಪ್ಯಾನರು, ಪಂಕ್ಚರ್ ಹಾಕುವ ಸಲ್ಯೂಷನ್ನು. ಹ್ಯಾಂಡಲಿನ ಎಡಕ್ಕೊಂದು ಬಲಕ್ಕೊಂದು ನೇತುಹಾಕಿದೆ. ನಾಗರತ್ನ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತಳು.

ಶಿಡ್ಲಘಟ್ಟದ ರಸ್ತೆ ಆ ಕಾಲದಲ್ಲಿ ಪರಮ ಶಾಂತ. ದಿನಕ್ಕೆ ಮೂರು ನಾಲ್ಕು ಬಸ್ಸು, ಒಂದೆರಡು ಲಾರಿ, ಉಳಿದದ್ದೆಲ್ಲ ಎತ್ತಿನಗಾಡಿ. ಆದರೆ ಊರು ದಾಟುತ್ತಿದ್ದಂತೆಯೇ ಒಂದು ಲಾರಿ ಎದುರಾಗಿ ಧೂಳೆಬ್ಬಿಸಿತು. ಫ್ರಾನ್ಸಿನವರು ಇಂಥದನ್ನು ಸಹಿಸುವುದಿಲ್ಲ. ನಾನೂ ಸಹಿಸಲಿಲ್ಲ. ಎಡಕ್ಕೆ ಕಂಡ ಹಳ್ಳಿಯ ಗಾಡಿದಾರಿಗೆ ಸೈಕಲ್ ತಿರುಗಿಸಿದೆ. ಸೂರ್ಯ ಎದುರಿಗಿದ್ದರೆ ಪೂರ್ವ. ಪೂರ್ವಕ್ಕೆ ಹೋದರೆ ಶಿಡ್ಲಘಟ್ಟ. ಇದರಲ್ಲಿ ತಪ್ಪುವುದಕ್ಕೆ ಏನಿದೆ?

ದಾರಿ ನಿಜಕ್ಕೂ ನಿಶ್ಶಬ್ದವಾಗಿತ್ತು, ಜನ ಸಿಗುವವರೆಗೆ. ಆ ಚಿತ್ರದ ದಂಪತಿಗಳನ್ನು ಯಾರೂ ಮಾತಾಡಿಸಿದಂತೆ ಕಾಣಲಿಲ್ಲ. ನಮ್ಮನ್ನು ಮಾತಾಡಿಸದವರೇ ಇಲ್ಲ. ಹೊಲದಲ್ಲಿದ್ದವರು ಕುಂಟೆ ನಿಲ್ಲಿಸಿ ಯಾವೂರು, ಯಾರ ಪೈಕಿ, ಬಸ್ಸು ತಪ್ಪಿತೇ ಎಂದು ವಿಚಾರಿಸಿದರು. ಬಸ್ಸು ಬೇಡವೆಂದು ಬಂದೆವು ಎಂದರೆ ಯಾರೂ ನಂಬಲಿಲ್ಲ. ಒಬ್ಬ ಅಜ್ಜಿಗೆ ನಾಗರತ್ನಳ ಸೋದರಮಾವನ ಪರಿಚಯವಿತ್ತು. ಅಷ್ಟೇ ಸಾಕಾಯಿತು. ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟು, ಗಂಡ ಬಸ್ಸಿನ ಕಾಸು ಉಳಿಸುವ ಜಾತಿಯವನೇ ಎಂದು ಅವಳ ಕಿವಿಯಲ್ಲಿ ಕೇಳಿದಳಂತೆ. ನನ್ನ ಹೆಂಡತಿ ಇಲ್ಲವೆನ್ನಲಿಲ್ಲವಂತೆ.

ಅಲ್ಲಿಂದ ಕೆರೆ ಏರಿ, ಏರಿಯಿಂದ ತೋಪು, ತೋಪಿನಿಂದ ಇನ್ನೊಂದು ಕೆರೆ. ಇನ್ನೊಂದು ಎಂದು ನಾನು ತಿಳಿದಿದ್ದೆ.

"ರೀ, ಈ ತೂಬು ಆಗ್ಲೇ ನೋಡಿದ್ವಿ" ಎಂದಳು ನಾಗರತ್ನ.

ಎಲ್ಲ ಕೆರೆಗಳಿಗೂ ತೂಬು ಇರುತ್ತದೆಂದು ಅವಳಿಗೆ ಪಾಠ ಹೇಳಿದೆ. ಯಾರನ್ನಾದರೂ ದಾರಿ ಕೇಳಿ ಎಂದಳು. ಭೂಗೋಳದ ಮೇಷ್ಟ್ರು ದಾರಿ ಕೇಳುವುದೇ? ಹನ್ನೊಂದೂವರೆಗೆ ಸೂರ್ಯ ನೆತ್ತಿಗೇರಿ, ಪೂರ್ವ ಪಶ್ಚಿಮ ಎಲ್ಲ ಒಂದಾಗಿ ಹೋಯಿತು. ಅಷ್ಟರಲ್ಲಿ ದೇವರ ದಯೆಯಿಂದ ದೊಡ್ಡ ರಸ್ತೆ ಸಿಕ್ಕಿತು. ಪಕ್ಕದಲ್ಲೇ ಮೈಲಿಗಲ್ಲು. ಸಂತೋಷದಿಂದ ಹತ್ತಿರ ಹೋಗಿ ಓದಿದೆ.

ಚಿಕ್ಕಬಳ್ಳಾಪುರ ೩ ಮೈಲಿ.

ಐದು ಗಂಟೆ ಕಾಲ ತುಳಿದು ಮೂರು ಮೈಲಿ! ನಾಗರತ್ನ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಲ್ಲಿನ ಮೇಲೆಯೇ ಕೂತು ಚಿತ್ರಾನ್ನದ ಡಬ್ಬಿ ತೆಗೆದು ಒಬ್ಬಳೇ ಊಟ ಮಾಡಿದಳು. ಕೊನೆಯಲ್ಲಿ ಎರಡು ತುತ್ತು ನನಗೆ ಬಿಟ್ಟಳು.

ಮಧ್ಯಾಹ್ನದ ಬಸ್ಸು ಬಂತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿದ್ದಳು. ಮೇಲೆಲ್ಲ ರೇಷ್ಮೆಗೂಡಿನ ಚೀಲಗಳು, ಸೈಕಲ್ಲಿಗೆ ಜಾಗವಿಲ್ಲವೆಂದ ಕಂಡಕ್ಟರ್. ಅವಳು ಹ್ಯಾಂಡಲಿನಿಂದ ಒಂದು ಹಳದಿ ಚೀಲ ಎಳೆದುಕೊಂಡು ಹತ್ತಿಬಿಟ್ಟಳು. "ನಿನಗಿಂತ ಮುಂಚೆ ಅಲ್ಲಿರ್ತೀನಿ" ಎಂದು ನಾನು ಕೂಗಿ ಹೇಳಿದ್ದು ಬಸ್ಸಿನವರೆಲ್ಲರಿಗೂ ಕೇಳಿಸಿತು.

ಒಂದೂವರೆ ಮೈಲಿ ಹೋಗುವಷ್ಟರಲ್ಲಿ ಎತ್ತಿನ ಲಾಳದ ಮೊಳೆ ಚುಚ್ಚಿ ಹಿಂದಿನ ಚಕ್ರ ಉಸ್ಸೆಂದಿತು. ಗಾಬರಿಯಾಗಲಿಲ್ಲ. ಬುದ್ಧಿವಂತ ಪ್ರವಾಸಿಗೆ ಸಲಕರಣೆ ಜೊತೆಗಿರುತ್ತದೆ. ಚೀಲದೊಳಗೆ ಕೈ ಹಾಕಿದೆ. ಮೆತ್ತಗೆ, ನುಣ್ಣಗೆ, ಗಿಳಿಹಸಿರಾಗಿ ಸೀರೆ ಬಂತು.

ಆಗ ನಿಜವಾಗಿಯೂ ಗಾಬರಿಯಾಯಿತು. ಸುಶೀಲ ಒಳ್ಳೆಯ ಹುಡುಗಿ. ಹಿಂದಿನವರು ನೋಡಿ ಹೋದಮೇಲೆ ಅಡಿಗೆಮನೆ ಬಿಟ್ಟು ಹೊರಗೆ ಬರದೆ ಎರಡು ದಿನ ಕಳೆದಿದ್ದಳು. ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಒಂದು ನರಪಿಳ್ಳೆಯಿಲ್ಲ, ಒಂದು ಗಾಡಿಯಿಲ್ಲ. ಫ್ರಾನ್ಸಿನವರೂ ಹೊಟ್ಟೆಕಿಚ್ಚು ಪಡಬೇಕು, ಅಂಥ ಪ್ರಶಾಂತತೆ!

ಸೈಕಲ್ ತಳ್ಳಿಕೊಂಡು ಓಡಿದೆ. ಹಿಪ್ಪುನೇರಳೆ ತೋಟದಲ್ಲಿದ್ದ ಮುನಿಯಪ್ಪ ಎಂಬ ರೈತ ನನ್ನನ್ನು ನೋಡಿ, "ಏಮಯಿಂದಿ ಸಾಮಿ, ಯಾಕಿಂಗೆ ಓಡ್ತೀರ?" ಎಂದ. ಕಥೆ ಹೇಳಿದೆ. ಅವನು ಟ್ಯೂಬು ಕಿತ್ತು, ಬಣವೆಯಿಂದ ಹುಲ್ಲು ತಂದು ಹೊಸೆದು ಟೈರಿನೊಳಗೆ ಗಿಡಿದು ತುಂಬಿಕೊಟ್ಟ. ಆ ಸೈಕಲ್ ಮೇಲೆ ಶಿಡ್ಲಘಟ್ಟದವರೆಗೆ ಹೇಗೆ ಹೋದೆನೆಂಬುದು ನನ್ನ ಬೆನ್ನಿಗೆ ಗೊತ್ತು. ಅಲ್ಲಿನ ಸೈಕಲ್ ಅಂಗಡಿಯ ಸಾಬರು ಟೈರಿನಿಂದ ಹುಲ್ಲು ಎಳೆದೆಳೆದು ಗುಡ್ಡೆ ಹಾಕಿ, ಬಹಳ ಮರ್ಯಾದೆಯಿಂದ ಕೇಳಿದರು:

"ಹಾಲು ಎಷ್ಟು ಕೊಡ್ತದೆ ಸ್ವಾಮಿ?"

ಚಿಂತಾಮಣಿ ತಲುಪಿದಾಗ ಐದು ಗಂಟೆ. ಗಂಡಿನ ಕಡೆಯವರು ಹೇಳಿದ ಹೊತ್ತಿಗೆ ಬರುವುದು ಅಪರೂಪವೆಂಬ ಒಂದೇ ಆಸೆ. ಮಾವನ ಮನೆಯ ಜಗಲಿಯ ಮೇಲೆ ದಪ್ಪನೆಯ ಹಿರಿಯ ಹೆಂಗಸೊಬ್ಬರು ಸೆರಗು ಸರಿಮಾಡಿಕೊಳ್ಳುತ್ತಾ ನಿಂತಿದ್ದರು. ಗುಡಿಬಂಡೆಯಿಂದ ದೊಡ್ಡತ್ತೆಯೊಬ್ಬರು ಸಹಾಯಕ್ಕೆ ಬರುತ್ತಾರೆಂದು ನಾಗರತ್ನ ಹೇಳಿದ್ದಳು. ನಾನು ಅವರನ್ನು ಕಂಡಿರಲಿಲ್ಲ. ಸೈಕಲ್ ಗೋಡೆಗೆ ಒರಗಿಸಿ ಸೀರೆಯನ್ನು ಅವರ ಕೈಯಲ್ಲಿಟ್ಟೆ.

"ತಗೊಳ್ಳಿ ಅಮ್ಮ. ಇದಕ್ಕೋಸ್ಕರ ಬೆಳಗ್ಗೆಯಿಂದ ಸೈಕಲ್ ತುಳ್ಕೊಂಡು ಬಂದಿದೀನಿ."

ಅವರು ಸೀರೆ ಬಿಡಿಸಿ ಅಂಚು ನೋಡಿದರು. ಮುಖ ಅರಳಿತು. "ಇದೆಲ್ಲಾ ಯಾಕೆ ಬೇಕಿತ್ತಪ್ಪ?" ಎಂದರು.

"ಯಾಕೆ ಅಂದ್ರೇನಮ್ಮ? ಸೀರೆ ಇಲ್ದೆ ಶಾಸ್ತ್ರ ನಡೆಯುತ್ತಾ?"

ಅವರು ತಿರುಗಿ ಒಳಗಿದ್ದ ಗಂಡನನ್ನು ಕರೆದರು. ಒಳಗಿನಿಂದ ಬಂದವರೆಲ್ಲ ಅಪರಿಚಿತರು. ಅವರ ಹಿಂದೆ ನನ್ನ ಮಾವ. ಮಾವನ ಹಿಂದೆ ಪಂಪು ಹಿಡಿದುಕೊಂಡು ನನ್ನ ಹೆಂಡತಿ. ಅವಳ ಮುಖ ನೋಡಿದ ಕೂಡಲೇ ನಾನು ಸೀರೆ ಕೊಟ್ಟದ್ದು ವರನ ತಾಯಿಗೆ ಎಂದು ತಿಳಿಯಿತು.

ನಡೆದದ್ದು ಇಷ್ಟು. ಬಸ್ಸು ತಡವಾಗಿ, ನಾಗರತ್ನ ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ಗಂಡಿನ ಕಡೆಯವರು ನಡುಮನೆಯಲ್ಲಿ ಕೂತಾಗಿತ್ತು. ಚೀಲ ತೆಗೆದರೆ ಪಂಪು. ಸುಶೀಲ ಅಮ್ಮನ ಹಳೇ ನೂಲಿನ ಸೀರೆಯುಟ್ಟು ಬಂದು ಕೂತಳು. ಹುಡುಗ ನಾಲ್ಕು ಮಾತಾಡಿ ನಕ್ಕನಂತೆ. ಆದರೆ ಅವನ ತಾಯಿ ಆ ಸೀರೆಯನ್ನೇ ಎರಡು ಸಲ ನೋಡಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದಿದ್ದರು. ಹಿಂದಿನ ಇಬ್ಬರೂ ಹಾಗೇ ಅಂದಿದ್ದರು.

ನನ್ನ ಮಾವ ಚುರುಕಿನ ಮನುಷ್ಯ. ಒಂದು ಕ್ಷಣವೂ ಕಳೆಯದೆ ಒಳಗಿನಿಂದ ವೀಳ್ಯದೆಲೆ ಅಡಿಕೆ ತರಿಸಿ ಆ ಸೀರೆಯ ಮೇಲಿಟ್ಟು, ಅತ್ತೆಯ ಕೈಯಲ್ಲಿ ಕುಂಕುಮ ಕೊಡಿಸಿದರು. ವರನ ತಾಯಿ ಸೀರೆಯನ್ನು ಎದೆಗಪ್ಪಿಕೊಂಡು ಗಂಡನಿಗೆ, "ಇನ್ನು ಕಾಗದ ಏನು ಬರೆಯೋದು, ಇಲ್ಲೇ ಕೂತು ಒಂದು ಒಳ್ಳೇ ದಿನ ನೋಡಿಬಿಡಿ" ಎಂದರು. ಎಲ್ಲರೂ ಮತ್ತೆ ಒಳಗೆ ಹೋಗಿ ಕೂತರು. ಅಡಿಗೆಮನೆಯಲ್ಲಿ ಸುಶೀಲ ಅಳುತ್ತಾ ನಗುತ್ತಾ ಇನ್ನೊಂದು ಸಲ ಕಾಫಿಗೆ ನೀರಿಟ್ಟಳು.

ಎರಡು ತಿಂಗಳಿಗೆ ಮದುವೆಯಾಯಿತು. ಬೀಗಿತ್ತಿ ಗಿಳಿಹಸಿರು ಸೀರೆಯುಟ್ಟು ಬಂದು, ಸಿಕ್ಕಿದವರಿಗೆಲ್ಲ ನನ್ನನ್ನು ತೋರಿಸಿ, ಬಿಸಿಲಲ್ಲಿ ಸೈಕಲ್ ತುಳಿದು ತಂದುಕೊಟ್ಟ ಪುಣ್ಯಾತ್ಮ, ಅಳಿಯ ಎಂದರೆ ಹೀಗಿರಬೇಕು ಎಂದು ಹೊಗಳಿದರು. ನನಗೂ ಮೆಲ್ಲಗೆ ಅದು ನಿಜವೆನ್ನಿಸತೊಡಗಿತು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ನಾಗರತ್ನಳಿಗೆ, ನೋಡಿದೆಯಾ, ನನ್ನ ಪ್ರವಾಸದಿಂದಲೇ ಈ ಮದುವೆ ಕೂಡಿದ್ದು ಎಂದೆ.

ಅವಳು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದಳು: "ಹೌದು. ಟ್ರಂಕಲ್ಲಿ ಇನ್ನೂ ಎರಡು ಸೀರೆ ಇದೆ. ಮತ್ತೆ ಯಾವಾಗ ಹೊರಡ್ತೀರ?"