ಓಟಿನ ಚೀಟಿಯ ಮೇಲೆ ನನ್ನ ಸಹಿ

ಖುಷಿ ಹೆಚ್ಚಾದರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಸಲ ಹಾಕಬೇಕಾದದ್ದನ್ನು ಎರಡು ಸಲ ಹಾಕುತ್ತದೆ. ಮೊಮ್ಮಗಳು ಕವಿತಾ ಹುಟ್ಟಿದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿ ಬಾಣಂತಿಯ ಕಣ್ಣಲ್ಲಿ ನೀರು ತರಿಸಿದವಳು ನಾನು. ಸೊಸೆ ಒಳ್ಳೆಯವಳು, ಮಗಳು ಹುಟ್ಟಿದ ಸಂತೋಷಕ್ಕೆ ಅಳು ಬಂತು ಅಂದಳು. ನಾನೂ ನಂಬಿದೆ.

ಅದೇ ಕವಿತಾ ಈ ಸಲ ಗ್ರಾಮ ಪಂಚಾಯಿತಿಗೆ ನಿಂತಳು. ಮೊದಲೆಲ್ಲ ನಮ್ಮೂರಲ್ಲಿ ಕಟ್ಟೆಯ ಮೇಲೆ ನಾಲ್ಕು ಜನ ಕೂತು ರುದ್ರಪ್ಪ ಅಂದರೆ ರುದ್ರಪ್ಪ. ಸೀಟು ಹೆಂಗಸರಿಗೆ ಬಂದಾಗ ಅವರ ಹೆಂಡತಿ ಮೆಂಬರು, ಮೀಟಿಂಗಿನ ಕುರ್ಚಿಯಲ್ಲಿ ಮಾತ್ರ ರುದ್ರಪ್ಪನವರೇ. ಇಬ್ಬರ ಕಾಲದಲ್ಲೂ ನಮ್ಮ ಕೇರಿಯ ಚರಂಡಿ ನೀರು ಬಾಗಿಲ ಮುಂದೆಯೇ ನಿಂತಿತ್ತು. "ಗೆದ್ದರೆ ಮೊದಲ ಕೆಲಸ ಇದೇ ಅಜ್ಜಿ" ಎಂದಿದ್ದಳು ಕವಿತಾ. ಅವಳು ನಿಂತದ್ದೇ ನನಗೆ ಗೆದ್ದಷ್ಟಾಗಿತ್ತು. ಶಾಲೆಯ ಮೆಟ್ಟಿಲು ಹತ್ತದ ನನಗೆ ಹಳೇ ಕ್ಯಾಲೆಂಡರಿನ ಹಿಂದೆ ದಿನಾ ಬರೆಸಿ ಸಹಿ ಕಲಿಸಿದವಳೂ ಅವಳೇ.

ಓಟಿನ ದಿನ ಎಲೆಅಡಿಕೆ ಚೀಲದಲ್ಲಿ ಹೊಸ ಪೆನ್ನು ಇಟ್ಟುಕೊಂಡು ಹೋದೆ. ಅಲ್ಲಿದ್ದವರು ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ಮುಂದಕ್ಕೆ ತಳ್ಳಿದರು. "ಬ್ಯಾಡಪ್ಪ, ನಂಗೆ ಸಹಿ ಮಾಡಾಕೆ ಬರ್ತೈತೆ" ಅಂದೆ. ಸಾಲಿನಲ್ಲಿ ಹಿಂದಿದ್ದ ಎದುರು ಮನೆಯ ನಾಗಮ್ಮ, "ಲಗೂನ ಬರಿ ಗೌರಕ್ಕ, ಸಂಜೀಗೆ ಬಾಗಿಲು ಹಾಕ್ತಾರೆ" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಪುಸ್ತಕದಲ್ಲಿ ಸಹಿ ಹಾಕಿ, ಓಟಿನ ಚೀಟಿ ಹಿಡಿದು ಮರೆಗೆ ಹೋಗಿ ಕವಿತಾಳ ಹೊಲಿಗೆ ಮಷೀನಿನ ಗುರುತಿಗೆ ಮುದ್ರೆ ಒತ್ತಿದೆ. ಆದರೆ ಮುದ್ರೆ ಎಲ್ಲರದೂ ಒಂದೇ ಥರ. ಇದು ಅವಳ ಅಜ್ಜಿಯ ಓಟು ಅಂತ ಯಾರಿಗೆ ಗೊತ್ತಾಗಬೇಕು? ಪೆನ್ನು ಹೇಗೂ ಕೈಯಲ್ಲೇ ಇತ್ತು. ಪಕ್ಕದಲ್ಲಿ ಚೆಂದವಾಗಿ ಸಹಿ ಹಾಕಿದೆ.

ಎಣಿಕೆ ಚನ್ನಗಿರಿಯಲ್ಲಿ. ಕವಿತಾಗೂ ಅವಳ ಎದುರು ನಿಂತಿದ್ದ ರುದ್ರಪ್ಪನವರಿಗೂ ಸಮ ಓಟು ಬಂದು, ಹೆಸರು ಬರೆದ ಚೀಟಿ ಎತ್ತಿಸಿದರಂತೆ. ರುದ್ರಪ್ಪನವರ ಹೆಸರು ಬಂತು. ಕವಿತಾ ಬಸ್ಸಿಳಿದು ಬಂದು ಅಷ್ಟನ್ನೇ ಹೇಳಿ, ಕೈಕಾಲು ತೊಳೆದು ಉಂಡಳು. ಆ ಚೀಟಿಗೆ ನಾನು ಒಂದು ವಾರ ಶಾಪ ಹಾಕಿದೆ. ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ, "ನಾನಂತೂ ಸಹಿ ಹಾಕೇ ಓಟು ಕೊಟ್ಟೀನಿ" ಅನ್ನುತ್ತಿದ್ದೆ. ಹೆಂಗಸರು ಕೊಡದೊಳಗೆ ನೋಡುತ್ತಿದ್ದರು. ಕೊನೆಗೆ ನಾಗಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಗೌರಕ್ಕ, ಇನ್ನು ಅದನ್ನ ಹೇಳ್ಕೊಂಡು ತಿರುಗಬ್ಯಾಡ. ಓಟಿನ ಚೀಟಿ ಮ್ಯಾಲೆ ಹೆಸರು ಬರದ್ರೆ ಅದು ಲೆಕ್ಕಕ್ಕಿಲ್ಲ. ಎಣಿಸೋವಾಗ ನಿನ್ನ ಚೀಟಿ ತೋರಿಸಿದ್ರಂತೆ. ಕವಿತಾನೂ ನೋಡ್ಯಾಳೆ."

ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ. ಕವಿತಾ ಬಾಗಿಲಲ್ಲಿ ಕೂತು ಏನೋ ಬರೆಯುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲವ್ವ?"

"ಹೇಳಿದ್ರೆ ನೀನು ಸಹಿ ಮಾಡೋದೇ ಬಿಡ್ತಿದ್ದೆ."

ಥೇಟ್ ತಾಯಿಯ ಬುದ್ಧಿ. ಉಪ್ಪು ನನ್ನದು, ಕಣ್ಣೀರು ಅವರದು.

ಅವಳು ಬರೆಯುತ್ತಿದ್ದದ್ದು ಚರಂಡಿಯ ಅರ್ಜಿ, ರುದ್ರಪ್ಪನವರಿಗೇ ಕೊಡಲು. ಕೇರಿಯವರೆಲ್ಲರ ಸಹಿ ಬೇಕು, ಮೊದಲನೆಯದು ನನ್ನದೇ ಆಗಬೇಕು ಅಂದಳು. ಖುಷಿಯಲ್ಲಿ ಎರಡು ಸಲ ಓಡುವ ಕೈ ಅವತ್ತು ಒಂದು ಸಲಕ್ಕೂ ಏಳಲಿಲ್ಲ. ಅವಳೇ ಕೈ ಹಿಡಿದು ಕಾಗದದ ಮೇಲೆ ಇಟ್ಟಳು. ಒಂದೊಂದೇ ಅಕ್ಷರ ಬರೆದು ಮುಗಿಸಿದೆ. "ಚೆಂದ ಐತೆ ಅಜ್ಜಿ" ಎಂದಳು. ಅನ್ನುತ್ತಲೇ ಪೆನ್ನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.